ಆಲೆಮನೆಯಲ್ಲಿ ಒಣಗಿಸಿದ ರಾಡು

ಹೋದ ವಾರ ಒಂದು ಶೆಡ್ಡಿನ ಅಳತೆ ತೆಗೆದುಕೊಳ್ಳಲು ಪಾಂಡವಪುರದ ಕಡೆ ಹೋಗಿದ್ದೆ. ಸ್ಕೂಟರಿನಲ್ಲಿ ವಾಪಸ್ಸು ಶ್ರೀರಂಗಪಟ್ಟಣಕ್ಕೆ ಬರುವಾಗ ಕಬ್ಬಿನ ಗದ್ದೆಗಳ ನಡುವಿನಿಂದ ಆಲೆಮನೆಯ ಘಮ ಬಂತು. ಕಬ್ಬಿನ ಹಾಲು ಕುದ್ದು ಬೆಲ್ಲವಾಗುವ ಹೊತ್ತಿನ ಆ ವಾಸನೆಗೆ ನಮ್ಮ ಸೀಮೆಯಲ್ಲಿ ಬಾಯಲ್ಲಿ ನೀರೂರದವರು ಯಾರೂ ಇಲ್ಲ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಸ್ಕೂಟರನ್ನು ರಸ್ತೆ ಪಕ್ಕ ನಿಲ್ಲಿಸಿದೆ. ಎದೆ ಧಸಕ್ಕೆಂದ ಮೇಲೆ ಅದರ ಹಿಂದೆಯೇ ಕೆ.ಆರ್.ಪೇಟೆಯ ಆ ಮಳೆಗಾಲ ಬಂತು, ಅಪ್ಪ ಬಂದ, ರಹೀಂ ಸಾಬರು ಬಂದರು. ಅವರೆಲ್ಲ ಬಂದಮೇಲೆ ಬೇಗ ಹೊರಡಲು ಮನಸ್ಸಾಗಲಿಲ್ಲ.

ನನ್ನ ಕಸುಬು ವೆಲ್ಡಿಂಗು. ಗೇಟು, ಕಿಟಕಿ ಗ್ರಿಲ್ಲು, ಶೀಟಿನ ಚಾವಣಿ, ಟ್ರೈಲರು, ಎಲ್ಲ ಮಾಡುತ್ತೇನೆ. ಮದುವೆಗೆ ಮುಂಚೆ ನಾವಿದ್ದದ್ದು ಕೆ.ಆರ್.ಪೇಟೆಯಲ್ಲಿ. ಬೂಕನಕೆರೆಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಅಪ್ಪನ ಅಂಗಡಿ. ಊರಿನಲ್ಲಿ ಅವನಿಗೆ ವೆಲ್ಡಿಂಗ್ ಚೆಲುವಣ್ಣ ಅಂತಲೇ ಹೆಸರು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಗುಜರಿ ತುಂಡುಗಳ ಮೇಲೆ ಗೀಚಿ ಗೀಚಿ ಕೈ ಕುದುರಿಸಿಕೊಂಡಿದ್ದೆ. ಡಿಗ್ರಿ ಮುಗಿಸಿದ ಮೇಲೆ ಅಂಗಡಿಯಲ್ಲೇ ಕೂತೆ. ಅಪ್ಪ ನನಗೆ ಗೇಟು ಕೊಡುತ್ತಿದ್ದ, ಗ್ರಿಲ್ಲು ಕೊಡುತ್ತಿದ್ದ. ಭಾರ ಎಳೆಯುವ ಕೆಲಸ ಬಂದರೆ ಮಾತ್ರ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂರುತ್ತಿದ್ದ. ಅದೊಂದು ನನಗೆ ಹೊಟ್ಟೆಯುರಿ.

ಈಗ ಬೆಸುಗೆಗೆ ಕರಗಿಸಿ ಹಾಕುವ ರಾಡಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಓಡುವುದು ಮುಖ್ಯವಾಗಿ ಎರಡು ಜಾತಿಯ ರಾಡು. ಎರಡೂ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಎರಡಕ್ಕೂ ಬೂದು ಬಣ್ಣದ ಮದ್ದಿನ ಹೊದಿಕೆ, ದಪ್ಪವೂ ಒಂದೇ. ತುದಿಯಲ್ಲಿರುವ ನಂಬರು ಓದದಿದ್ದರೆ ಅಕ್ಕತಂಗಿಯರನ್ನು ಅದಲುಬದಲು ಕರೆದ ಹಾಗೆ ಆಗುತ್ತದೆ. ಒಂದು ಅರವತ್ತು ಹದಿಮೂರು, ಇನ್ನೊಂದು ಎಪ್ಪತ್ತು ಹದಿನೆಂಟು. ಅಪ್ಪ ಒಂದನ್ನು ತರ್ಟೀನು, ಇನ್ನೊಂದನ್ನು ಏಟೀನು ಅನ್ನುತ್ತಿದ್ದ. ತರ್ಟೀನು ಸಾಧು. ತುಕ್ಕಿದ್ದರೂ ಸರಿ, ಸ್ವಲ್ಪ ತೇವವಿದ್ದರೂ ಸರಿ, ಹಿಡಿದವರ ಕೈ ನಡುಗಿದರೂ ಸರಿ, ಹೊಂದಿಕೊಂಡು ಹೋಗುತ್ತದೆ. ಏಟೀನಿಗೆ ಬಲವೂ ಜಾಸ್ತಿ, ಜಂಬವೂ ಜಾಸ್ತಿ. ಪೂರಾ ಒಣಗಿರಬೇಕು. ಹೊದಿಕೆಗೆ ತೇವ ಕುಡಿಸಿದರೆ ಹಾಕುವಾಗ ಪಳಗದ ಕೈಗೆ ಏನೂ ಗೊತ್ತಾಗದಂತೆ ಇದ್ದು, ಒಂದೆರಡು ದಿನ ಕಳೆದ ಮೇಲೆ ಬೆಸುಗೆ ಒಳಗೊಳಗೇ ಸೀಳು ಬಿಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದನ್ನು ನಾನು ಈ ರಾಡಿನಿಂದಲೇ ಕಲಿತದ್ದು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೆ.ಆರ್.ಎಸ್. ಯಾವತ್ತೋ ತುಂಬಿತ್ತು. ಹೇಮಗಿರಿಯಲ್ಲಿ ಹೇಮಾವತಿ ಕೆಂಪಗೆ ಉಕ್ಕಿ ಹರಿಯುವುದನ್ನು ನೋಡಲು ಜನ ಭಾನುವಾರ ಬೈಕು ಹತ್ತಿ ಹೋಗುತ್ತಿದ್ದರು. ದೀಪಾವಳಿ ಕಳೆದರೂ ಸ್ವಾತಿ ಆಯಿತು, ವಿಶಾಖೆ ಆಯಿತು, ಒಂದು ಮಳೆ ಮುಗಿಯುವಷ್ಟರಲ್ಲಿ ಇನ್ನೊಂದು ತನ್ನ ಸರದಿಗೆ ಕಾದು ನಿಂತಿರುತ್ತಿತ್ತು. ಅಂಗಡಿಯ ಶೀಟಿನ ಮೇಲೆ ದಿನವಿಡೀ ಸದ್ದು. ರಸ್ತೆಯ ಕೆಸರೆಲ್ಲ ಗಿರಾಕಿಗಳ ಕಾಲಿಗಂಟಿ ನಮ್ಮ ಅಂಗಡಿಯೊಳಗೇ ಬಂದು ಬೀಳುತ್ತಿತ್ತು. ಪಕ್ಕದ ಅಂಗಡಿ ರೇಡಿಯೇಟರ್ ರಿಪೇರಿಯ ರಹೀಂ ಸಾಬರದು. ಸಾಬರು ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಟೀ ತರಿಸಿ, ನನಗೊಂದು ಲೋಟ ಗೋಡೆಯ ಮೇಲಿಂದ ದಾಟಿಸುತ್ತಿದ್ದರು. ಮಳೆಯ ಹನಿ ಬಿದ್ದು ಅರ್ಧ ಲೋಟದ ಟೀ ಮುಕ್ಕಾಲಾಗಿರುತ್ತಿತ್ತು. ಅಂಥ ರುಚಿಯ ಟೀ ನಾನು ಆಮೇಲೆ ಕುಡಿದಿಲ್ಲ.

ಆ ಮಳೆಗಾಲದಲ್ಲೇ ಅಪ್ಪನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಮೂರು ತಿಂಗಳು ಬೆಂಕಿ ನೋಡಕೂಡದು, ದೂಳು ತಾಗಕೂಡದು ಅಂತ ಮೈಸೂರಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಯ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ರಾಡು ಕಚ್ಚಿಸುವ ಹೋಲ್ಡರ್ ನನ್ನ ಕೈಗೆ ಬಂತು.

ಬಂದದ್ದೇನೋ ಬಂತು, ಗಿರಾಕಿಗಳೇ ಬರಲಿಲ್ಲ. ಟ್ರಾಕ್ಟರು ನಿಲ್ಲಿಸಿ ಒಳಗೆ ಇಣುಕಿ, "ಚೆಲುವಣ್ಣ ಇಲ್ವಾ?" ಅನ್ನುತ್ತಿದ್ದರು. ನಾನು ಮಾಡುತ್ತೇನೆ ಅಂದರೆ ತಲೆ ಕೆರೆದುಕೊಂಡು, "ಇರ್ಲಿ ಬುಡವ್ವ, ಆಮೇಲೆ ಬತ್ತೀನಿ" ಅಂತ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಗೇಟಿಗೆ, ಗ್ರಿಲ್ಲಿಗೆ ನಾನು ಆಗುತ್ತಿದ್ದೆ. ನೇಗಿಲಿಗೆ, ಟ್ರೈಲರಿಗೆ ಆಗುತ್ತಿರಲಿಲ್ಲ. "ಹೆಣ್ಮಗ ಆಕಿದ್ದು ನಿಂತದಾ?" ಅಂತ ಒಬ್ಬ ನನ್ನ ಎದುರಿಗೇ ಸಾಬರನ್ನು ಕೇಳಿದ. ಸಾಬರು, "ನಿಲ್ಲದೇ ಓಡೋಗಾಕೆ ಅದೇನು ನಿನ್ ಕುರಿಯಾ?" ಅಂದು ಅವನ ಬಾಯಿ ಮುಚ್ಚಿಸಿದರು. ಆದರೂ ಆ ಮಾತು ನನ್ನೊಳಗೆ ಮುಳ್ಳಾಗಿ ಉಳಿಯಿತು. ಒಂದೇ ಒಂದು ಭಾರದ ಕೆಲಸ ಸಿಕ್ಕಲಿ, ಇವರಿಗೆಲ್ಲ ತೋರಿಸುತ್ತೇನೆ ಅಂತ ಕಾಯುತ್ತಿದ್ದೆ.

ಸಿಕ್ಕಿತು. ಜವರಣ್ಣ ಅಂತ, ನಮ್ಮ ಪೇಟೆಯಿಂದ ಎರಡು ಮೈಲಿ ದೂರದ ಊರಿನವನು, ಕಬ್ಬು ಬೆಳೆಯುವವನು, ಅಪ್ಪನ ಹಳೆಯ ಸ್ನೇಹಿತ. ಒಂದು ಬುಧವಾರ ಟ್ರೈಲರು ಎಳೆದುಕೊಂಡು ಬಂದ. ಅದರ ಮೂತಿಯಲ್ಲಿ ಟ್ರಾಕ್ಟರಿಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ ಸವೆದು ತೆಳ್ಳಗಾಗಿತ್ತು. ಹೊಸ ಕೊಂಡಿ ಕೂರಿಸಬೇಕು. ಭಾನುವಾರ ನಾಗಮಂಗಲದ ಈಚೆಯ ಒಂದು ಊರಿನಲ್ಲಿ ಬೀಗರ ಊಟ. ಅವನ ಮಗಳನ್ನು ಕೊಟ್ಟ ಮನೆಯವರು ಮದುವೆಯ ನಂತರ ಹಾಕಿಸುತ್ತಿದ್ದ ಮಾಂಸದೂಟ. ಮನೆಮಂದಿ, ದಾಯಾದಿಗಳು, ನೆರೆಹೊರೆ ಎಲ್ಲ ಸೇರಿ ಮೂವತ್ತು ಜನ ಅದೇ ಟ್ರೈಲರಿನಲ್ಲಿ ಹೋಗುವವರು.

"ಅಪ್ಪ ಮೈಸೂರಿಗೆ ಓಗವ್ನೆ, ಇನ್ನೊಂದ್ ಕಣ್ ತೋರ್ಸಾಕೆ. ಶನಿವಾರ ಬತ್ತಾನೆ," ಅಂದೆ.

"ಅಪ್ಪ ಇಲ್ದಿದ್ರೆ ನೀನಿಲ್ವಾ?" ಅಂದ ಜವರಣ್ಣ. "ನೀನೇ ಆಕು ಮಗ. ನಾಳಿಕ್ಕೆ ಬಂದು ಎಳ್ಕೊಂಡೋಯ್ತೀನಿ."

ಎಷ್ಟು ದಿನದಿಂದ ಕಾದ ಮಾತು ಅದು! ಆ ಸಂತೋಷದಲ್ಲಿ ನಾನು ಸರಿಯಾಗಿ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೊಂಡಿಗೆ ಏಟೀನೇ ಆಗಬೇಕು ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು ನಿಜ. ಅವನು ಏಟೀನು ಇಡುತ್ತಿದ್ದದ್ದು ತಗಡಿನ ಪೆಟ್ಟಿಗೆಯಲ್ಲಿ, ಒಳಗೆ ನೂರು ಕ್ಯಾಂಡಲ್ಲಿನ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಆದರೆ ಆ ಮಳೆಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು ಸುಟ್ಟು, ಹದಿನೈದು ದಿನದಿಂದ ಕರೆಂಟು ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಇದ್ದರೆ ಪುಣ್ಯ. ಬಲ್ಬಿನ ಪೆಟ್ಟಿಗೆ ತಣ್ಣಗೆ ಕೂತಿತ್ತು. ಏಟೀನಿನ ಕಟ್ಟು ಮುಟ್ಟಿದರೆ ಕೈಗೆ ತಂಪು ಹತ್ತುತ್ತಿತ್ತು. ತರ್ಟೀನು ಹಾಕಬಹುದಿತ್ತು. ಆದರೆ ಗೇಟಿಗೆ ಹಾಕುವ ರಾಡನ್ನೇ ಕೊಂಡಿಗೂ ಹಾಕಿದಳು ಅಂತ ಯಾರಾದರೂ ಅಂದುಬಿಟ್ಟರೆ? ನನಗೆ ಏಟೀನೇ ಬೇಕಿತ್ತು.

ಆಗ ನನಗೆ ಚಿಕ್ಕಪ್ಪನ ಆಲೆಮನೆ ನೆನಪಾಯಿತು. ಬೂಕನಕೆರೆಗೆ ಹೋಗುವ ದಾರಿಯಲ್ಲೇ ಇತ್ತು. ಸುತ್ತ ಹತ್ತು ಹಳ್ಳಿ ನೆಂದು ತೊಪ್ಪೆಯಾಗಿದ್ದರೂ ಅಲ್ಲಿ ಒಲೆ ಉರಿಯುತ್ತಲೇ ಇರುತ್ತಿತ್ತು. ಮಳೆಗಾಲದಲ್ಲಿ ಊರಿನವರು ಒದ್ದೆ ಬಟ್ಟೆ, ಕಂಬಳಿ, ಕೊನೆಗೆ ಶಾಲೆಯ ಬ್ಯಾಗನ್ನೂ ಅಲ್ಲೇ ಒಲೆಯ ಮುಂದೆ ಹರವಿ ಒಣಗಿಸಿಕೊಳ್ಳುವುದು ವಾಡಿಕೆ. ನಾನು ಏಟೀನಿನ ಕಟ್ಟನ್ನು ಬಿಚ್ಚಿ ಮಡಿಲಲ್ಲಿ ಕಟ್ಟಿಕೊಂಡು ಹೋದೆ. ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿತ್ತು. ಮೇಲೆ ಕೊಪ್ಪರಿಗೆಯಲ್ಲಿ ಹಾಲು ಉಕ್ಕಿ ಉಕ್ಕಿ ನೊರೆ ಕಟ್ಟುತ್ತಿತ್ತು. ಬಾಗಿಲಲ್ಲಿ ನಿಂತರೇ ಮುಖ ಬೆವರುವಂಥ ಕಾವು.

"ಇದ್ಕಿಂತ ಬಿಸಿ ಜಾಗ ಈ ತಾಲ್ಲೂಕಲ್ಲೇ ಸಿಕ್ಕಲ್ಲ ಕಣ್ ಮಗ," ಅಂದ ಚಿಕ್ಕಪ್ಪ, ತಾನೇ ಸೂರ್ಯನನ್ನು ಕಟ್ಟಿಹಾಕಿಕೊಂಡವನ ಥರ. ಕೊಪ್ಪರಿಗೆಯ ಹಿಂದಿನ ಗೋಡೆಯ ಅಂಚಿನ ಮೇಲೆ ರಾಡುಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟೆವು. ನನಗೆ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಮೆತ್ತಿ ಕೊಟ್ಟ. ಒಲೆಯ ಮುಂದೆ ಕೂತು ಅದನ್ನು ನೆಕ್ಕುತ್ತಾ, ಹೊರಗೆ ಸುರಿಯುವ ಮಳೆ ನೋಡುತ್ತಾ, ನಾನು ಎಷ್ಟು ಬುದ್ಧಿವಂತೆ ಅಂದುಕೊಂಡು ಹಿಗ್ಗಿದ್ದು ಚೆನ್ನಾಗಿ ನೆನಪಿದೆ. ಮಾರನೆಯ ದಿನ ಬೆಳಿಗ್ಗೆ ಹೋಗಿ ತಂದೆ. ರಾಡುಗಳು ಬೆಚ್ಚಗಿದ್ದವು, ಬೆಲ್ಲದ ವಾಸನೆ ಹೊಡೆಯುತ್ತಿದ್ದವು.

ಕರೆಂಟು ಬಂದದ್ದೇ ಕೊಂಡಿ ಕೂರಿಸಿದೆ. ಹಾಕುವಾಗ ಕಿಡಿ ಸ್ವಲ್ಪ ಜಾಸ್ತಿ ಹಾರಿತು. ವೋಲ್ಟೇಜು ಕಡಿಮೆ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಂದುಕೊಳ್ಳಲಿಲ್ಲ, ಅಂದುಕೊಳ್ಳಲು ಇಷ್ಟಪಟ್ಟೆ. ಮೇಲಿನ ಕಿಟ್ಟ ತಟ್ಟಿ ತೆಗೆದು ಬ್ರಷ್ ಉಜ್ಜಿದರೆ ಬೆಸುಗೆ ಅಲೆಅಲೆಯಾಗಿ, ಜಡೆ ಹೆಣೆದಂತೆ ಕೂತಿತ್ತು. ಸಾಬರು ಬಂದು ನೋಡಿ, "ವಾಹ್ ಬೇಟಿ!" ಅಂದರು. ಸಂಜೆ ಜವರಣ್ಣ ಎಳೆದುಕೊಂಡು ಹೋದ.

ಶನಿವಾರ ಅಪ್ಪ ಬಂದ. ಕೊಂಡಿ ಹಾಕಿದ್ದನ್ನು ಹೇಳಿದೆ. "ಏಟೀನಾ?" ಅಂದ. ಹೂಂ ಅಂದೆ. "ಒಣ್ಗಿತ್ತಾ?" ಅಂದ. "ಬಿಸಿಬಿಸಿ ಇತ್ತು," ಅಂದೆ. ಅಪ್ಪ ನನ್ನ ತಲೆ ಸವರಿದ. ಅಪ್ಪನ ಕೈ ತಲೆ ಮೇಲೆ ಬಂದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜವರಣ್ಣನ ಟ್ರಾಕ್ಟರು ನಮ್ಮ ಅಂಗಡಿಯ ಮುಂದೆಯೇ ಹೋಯಿತು. ಮಳೆ ಅಪರೂಪಕ್ಕೆ ಬಿಡುವು ಕೊಟ್ಟಿತ್ತು. ಟ್ರೈಲರಿಗೆ ಹುಲ್ಲು ಹಾಸಿ ಜಮಖಾನ ಹೊದಿಸಿದ್ದರು. ರೇಷ್ಮೆ ಸೀರೆ, ಕನಕಾಂಬರ, ಮಕ್ಕಳ ಗಲಾಟೆ. ಮುಂದುಗಡೆ ಕೊಂಡಿಯ ಮೇಲ್ಗಡೆಯೇ ಜವರಣ್ಣನ ತಾಯಿ, ಚಿಕ್ಕತಾಯಜ್ಜಿ, ಕೋಲು ಹಿಡಿದು ಕೂತಿದ್ದರು. ನಾನು ಕೈ ಬೀಸಿದೆ. ಸ್ಪೀಕರನ್ನು ಊರಿಗೆಲ್ಲ ಕೇಳುವಂತೆ ಕೂಗಿಸುತ್ತಾ ಟ್ರಾಕ್ಟರು ನಾಗಮಂಗಲದ ರಸ್ತೆಗೆ ತಿರುಗಿತು.

ಕರೆಂಟಿತ್ತು. ನಾನು ಉಳಿದಿದ್ದ ಏಟೀನು ತೆಗೆದುಕೊಂಡು ಒಂದು ಗುದ್ದಲಿಯ ಕೆಲಸಕ್ಕೆ ಕೂತೆ. ಅಪ್ಪ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಬೆಂಚಿನ ಮೇಲಿದ್ದ. ರಾಡು ಹತ್ತಿಸಿ ಎರಡು ಅಂಗುಲ ಎಳೆದಿರಲಿಲ್ಲ.

"ನಿಲ್ಸು," ಅಂದ ಅಪ್ಪ.

ನಿಲ್ಲಿಸಿದೆ.

"ಯಾವ್ ರಾಡು ಅದು?"

"ಏಟೀನು."

"ಏಟೀನು ಒಂದೇ ಸಮ್ಕೆ ಮಳೆ ಉಯ್ದಂಗೆ ಸದ್ದು ಮಾಡ್ಬೇಕು. ಇದ್ಯಾಕೆ ಒಗ್ಗರಣೆ ಸಾಸ್ವೆ ಸಿಡ್ದಂಗೆ ಸಿಡೀತದೆ? ಎಲ್ಲಿ ಒಣಗ್ಸಿದ್ದೆ?"

ಹೇಳಿದೆ. ಇನ್ನೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಅಪ್ಪ ಮೊದಲು ನಕ್ಕ. ನಗುತ್ತಲೇ, "ಅಯ್ಯೋ ಹುಚ್ಮುಂಡೇದೇ, ಕೊಪ್ಪರಿಗೇಲಿ ಏನವ್ವ ಕುದೀತಿತ್ತು? ಹಾಲಲ್ವಾ? ಅದರ ಆವಿಯೆಲ್ಲ ಎಲ್ಲಿಗ್ ಓಯ್ತದೆ?" ಅಂದ. ಆಮೇಲೆ ಅವನ ನಗು ನಿಂತಿತು. ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು.

"ಜವರನ ಕೊಂಡಿಗೂ ಇದನ್ನೇ ಆಕ್ದಾ?"

ಹೂಂ ಅಂದೆ. ಆಲೆಮನೆಯ ಶೀಟಿನಿಂದ ಸದಾ ತೊಟ್ಟಿಕ್ಕುವ ಹನಿ, ಗೋಡೆಯ ಮೇಲಿನ ಅಂಟು, ಅಲ್ಲಿಂದ ಬಂದವರ ಕೂದಲೆಲ್ಲ ಒದ್ದೆಯಾಗಿರುವುದು, ಹುಟ್ಟಿದಾಗಿನಿಂದ ನೋಡಿದ್ದೆಲ್ಲ ಆಗ ಕಣ್ಣಿಗೆ ಕಟ್ಟಿತು. ಬಿಸಿಯಿದ್ದ ಕಡೆಯೆಲ್ಲ ಒಣ ಇರುತ್ತದೆ ಅಂತ ನಂಬಿದ್ದೆ. ಊರಿನಲ್ಲೇ ಅತಿ ಹೆಚ್ಚು ನೀರಾವಿ ಇರುವ ಜಾಗಕ್ಕೆ ತೆಗೆದುಕೊಂಡು ಹೋಗಿ ನಾನೇ ರಾಡಿಗೆ ನೀರು ಕುಡಿಸಿದ್ದೆ.

"ಏನಾಗ್ಬೋದಪ್ಪ?"

"ನಿಂತರೂ ನಿಂತ್ಕಬೋದು. ಏನೂ ಆಗ್ದೆ ಇದ್ರೂ ಇರ್ಬೋದು." ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿ ಹೇಳಿದ. "ಬೆಸುಗೆ ನಿಂದು ಮಗ. ನಾನೇನೂ ಯೋಳಲ್ಲ."

ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಸಂಜೆ ಅವರು ವಾಪಸ್ಸು ಬರುತ್ತಾರೆ, ನಾಳೆ ಏನೋ ನೆಪ ಹೇಳಿ ಟ್ರೈಲರು ತರಿಸಿಕೊಂಡು ಸದ್ದಿಲ್ಲದೆ ಸರಿಮಾಡಿಬಿಡಬಹುದು ಅನ್ನಿಸಿತು. ಮೂವತ್ತು ಜನರ ಮುಂದೆ ನಿಂತು ನಾನು ಹಾಕಿದ್ದು ಸರಿಯಿಲ್ಲ ಅಂದರೆ, ಇನ್ನು ಅಂಗಡಿಗೆ ನೊಣವೂ ಬರುವುದಿಲ್ಲ. "ಹೆಣ್ಮಗ ಆಕಿದ್ದು" ಅನ್ನುವ ಮಾತಿಗೆ ನಾನೇ ಮೊಹರು ಒತ್ತಿದ ಹಾಗೆ. ಹೆದರಿಕೆಗಿಂತ ನಾಚಿಕೆಯೇ ಆಗ ನನ್ನನ್ನು ಹಿಡಿದು ಕೂರಿಸಿದ್ದು. ಆಮೇಲೆ ಅಜ್ಜಿ ಕೂತಿದ್ದ ಜಾಗ ನೆನಪಾಯಿತು.

ಜವರಣ್ಣನಿಗೆ ಫೋನು ಮಾಡಿದೆ. ಎಂಟು ಸಲ ಮಾಡಿದೆ. ಟ್ರಾಕ್ಟರಿನ ಸದ್ದು, ಅದರ ಮೇಲೆ ಸ್ಪೀಕರು, ಯಾರಿಗೆ ಕೇಳಬೇಕು? ಗೋಡೆಯಾಚೆ ಕೂಗಿದೆ. ಸಾಬರು ಪೂರ್ತಿ ಕೇಳುವ ಮೊದಲೇ ತಮ್ಮ ಹಳೇ ಬೈಕಿಗೆ ಒದೆಯುತ್ತಿದ್ದರು. "ಕೂತ್ಕೋ ಬೇಟಿ, ಜಲ್ದಿ!" ಕೈಯಲ್ಲಿದ್ದ ಸುತ್ತಿಗೆ ಕೆಳಗಿಡುವುದನ್ನೂ ಮರೆತು ಹತ್ತಿ ಕೂತೆ.

ರಸ್ತೆ ತುಂಬ ಗುಂಡಿ, ಗುಂಡಿ ತುಂಬ ನೀರು. ಸಾಬರು ಒಂದೊಂದು ಗುಂಡಿಗೂ ಒಂದೊಂದು ಸಲ ದೇವರನ್ನು ನೆನೆಯುತ್ತಾ ಓಡಿಸಿದರು. ಪ್ರತಿ ಗುಂಡಿಯಲ್ಲೂ ನಾನು ಯೋಚಿಸುತ್ತಿದ್ದದ್ದು ಇಷ್ಟೇ: ಇದೇ ಗುಂಡಿಗೆ ಆ ಟ್ರೈಲರೂ ಇಳಿದು ಎದ್ದಿದೆ. ಮುಂದೆ ಒಂದು ದೊಡ್ಡ ಏರು ಇದೆ. ಏರಿನ ಅರ್ಧದಲ್ಲಿ ಕೊಂಡಿ ಬಿಟ್ಟರೆ ಟ್ರೈಲರು ಹಿಂದಕ್ಕೆ ಉರುಳುತ್ತದೆ, ಕೆಳಗೆ ತುಂಬಿದ ಕೆರೆ. ಏರು ಇನ್ನೊಂದು ಕೂಗಳತೆ ಇದೆ ಅನ್ನುವಾಗ ಸ್ಪೀಕರಿನ ಹಾಡು ಕೇಳಿತು. ಸಾಬರು ಹಾರನ್ನು ಒತ್ತಿ ಹಿಡಿದು ಟ್ರಾಕ್ಟರಿಗೆ ಅಡ್ಡ ಹಾಕಿದರು.

"ಏನಾಯ್ತಲಾ ಸಾಬಿ?" ಜವರಣ್ಣ ಗಾಬರಿಯಾಗಿ ಎಂಜಿನ್ ನಿಲ್ಲಿಸಿದ.

ನಾನು ಇಳಿದೆ. ಮೂವತ್ತು ಮುಖಗಳು ನನ್ನನ್ನೇ, ನನ್ನ ಕೈಯ ಸುತ್ತಿಗೆಯನ್ನೇ ನೋಡುತ್ತಿದ್ದವು.

"ಎಲ್ರೂ ಕೆಳಿಕ್ ಇಳೀರಿ. ಕೊಂಡಿ ಬೆಸುಗೆ ಸರಿ ಇಲ್ಲ. ನಾನ್ ಆಕಿದ್ದು. ನಂದೇ ತಪ್ಪು."

ಗುಸುಗುಸು ಎದ್ದಿತು. ಜವರಣ್ಣ ಇಳಿದು ಬಂದು ಬಗ್ಗಿ ನೋಡಿದ. ಬೆರಳಿಂದ ಸವರಿದ. "ಏನಾಗೈತವ್ವ ಇದಕ್ಕೆ? ಎಷ್ಟ್ ಚಂದಾಗೈತೆ!"

"ಮೇಲೆ ಚಂದಾಗೈತೆ. ಒಳಗೆ ಇರಾಕಿಲ್ಲ." ಸುತ್ತಿಗೆಯಿಂದ ಹೊಡೆದೆ. ಒಂದು, ಎರಡು, ಮೂರು. ಕೊಂಡಿ ಅಲುಗಲಿಲ್ಲ. ಗಂಟೆಯ ಥರ ಸದ್ದು ಮಾಡಿತು ಅಷ್ಟೆ. ಟ್ರೈಲರಿನಲ್ಲಿದ್ದವರು ನಕ್ಕರು. "ಅದು ಸರಿಯಾಗೇ ಐತೆ, ಇವಳ ತಲೇಲೇ ಬೆಸುಗೆ ಬುಟ್ಟೈತೆ," ಅಂದ ಒಬ್ಬ. ಊಟ ತಣ್ಣಗಾಗುತ್ತೆ ಅಂದ ಇನ್ನೊಬ್ಬ. ಜವರಣ್ಣನಿಗೆ ರೇಗಿತು.

"ನೀನ್ ಆಕಿದ್ದ ನೀನೇ ನಂಬ್ದೆ ಇದ್ರೆ, ನಾಳಿಂದ ನಿಮ್ ಅಂಗಡಿ ಬಾಗ್ಲಿಗೆ ಯಾರವ್ವ ಬತ್ತಾರೆ? ಒಳ್ಳೆ ಕಾರ್ಯಕ್ಕೆ ಒಂಟಿರೋರ್ನ ಹಿಂಗ್ ತಡೀಬಾರ್ದು. ಸರ್ಕ ವಸಿ."

ನಾನು ಸರಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವನ ಮುಖ ಕಾಣುತ್ತಿರಲಿಲ್ಲ. "ಯಾರೂ ಬರ್ದಿದ್ರೂ ಸರಿ ಜವರಣ್ಣ. ನಾನ್ ಸರ್ಕಳಾಕಿಲ್ಲ," ಅಂದೆ. ಅಷ್ಟೇ ನನಗೆ ಗೊತ್ತಿದ್ದ ಮಾತು.

ಆಗ ಮೇಲಿಂದ ಚಿಕ್ಕತಾಯಜ್ಜಿ ಕೋಲಿಂದ ಮಗನ ಭುಜ ತಿವಿದರು. "ಲೇ ಜವರ, ಕೈ ಕೊಡ್ಲಾ, ಇಳ್ಸು ನನ್ನ. ಅಡಿಗೆ ಮಾಡ್ದೋಳೇ ಉಣ್ಬ್ಯಾಡ ಅಂತ ಬಂದು ಅಡ್ಡ ನಿಂತಿರುವಾಗ ನಿಂಗ್ಯಾಕ್ಲಾ ಅಷ್ಟೊಂದ್ ಹಸಿವು?"

ಅಜ್ಜಿ ಇಳಿದ ಮೇಲೆ ಮಿಕ್ಕವರಿಗೆ ಬೇರೆ ದಾರಿ ಇರಲಿಲ್ಲ. ರೇಷ್ಮೆ ಸೀರೆಗಳು ಒಂದೊಂದಾಗಿ ಕೆಸರಿಗೆ ಇಳಿದವು. ಇಳಿಯುವಾಗ ಒಬ್ಬೊಬ್ಬರೂ ನನಗೆ ಒಂದೊಂದು ಮಾತು ಉಡುಗೊರೆ ಕೊಟ್ಟರು, ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅರ್ಧ ಗಂಟೆ ನಿಂತ ಮೇಲೆ ನಾಗಮಂಗಲದ ಬಸ್ಸು ಬಂತು. ಎಲ್ಲರೂ ನೂಕಾಡಿ ಹತ್ತಿದರು. ಸಾಬರು ಟ್ರೈಲರಿಗೂ ಟ್ರಾಕ್ಟರಿಗೂ ಕಬ್ಬು ಕಟ್ಟುವ ಸರಪಳಿ ಸುತ್ತಿ ಭದ್ರ ಮಾಡಿದರು. ಜವರಣ್ಣ ಖಾಲಿ ಟ್ರೈಲರನ್ನು ನಡಿಗೆಯ ವೇಗದಲ್ಲಿ ನಮ್ಮ ಅಂಗಡಿಗೆ ತಂದ.

ಅಪ್ಪ ಬಾಗಿಲಲ್ಲೇ ನಿಂತಿದ್ದ. "ದೊಡ್ ಸುತ್ಗೆ ತಕ್ಕೊಂಡು ನೀನೇ ಒಡಿ ಜವರ. ಪಕ್ಕದಿಂದ ಒಡಿ," ಅಂದ. ಜವರಣ್ಣನಿಗೆ ಒಳಗಿದ್ದ ಸಿಟ್ಟನ್ನು ತೀರಿಸಿಕೊಳ್ಳಲು ಅದೇ ಬೇಕಿತ್ತು. ಬೀಸಿ ಬೀಸಿ ಹೊಡೆದ. ನಾಲ್ಕು ಏಟಿಗೆ ಏನೂ ಆಗಲಿಲ್ಲ. ಇಷ್ಟು ಜನರ ಊಟ ಕೆಡಿಸಿದ್ದು ಸುಮ್ಮನೆಯೇನೋ ಅನ್ನಿಸಿತು. ಐದನೆಯ ಏಟಿಗೆ ಟಣ್ ಅನ್ನಲಿಲ್ಲ, ಟಕ್ ಅಂದಿತು. ಕೊಂಡಿ ಕಳಚಿ ಜವರಣ್ಣನ ಕಾಲ ಬಳಿ ಬಿತ್ತು.

ಅಪ್ಪ ಅದನ್ನು ಎತ್ತಿ ಮುರಿದ ಕಡೆ ಹೆಬ್ಬೆರಳು ಆಡಿಸಿದ. ಒಳಗೆ ಸೂಜಿ ಚುಚ್ಚಿದಂಥ ತೂತುಗಳು. ಅರ್ಧಕ್ಕೂ ಹೆಚ್ಚು ಭಾಗ ಮುಂಚೆಯೇ ಸೀಳಿ ಕಪ್ಪಗಾಗಿತ್ತು. ಉಳಿದ ಒಂದು ಬೆರಳಗಲ ಮಾತ್ರ ಈಗ ಮುರಿದು ಹೊಳೆಯುತ್ತಿತ್ತು. ಮೂವತ್ತು ಜನ ಅಲ್ಲಿಯ ತನಕ ಹೋಗಿದ್ದು ಆ ಒಂದು ಬೆರಳಗಲದ ಮೇಲೆ.

ಜವರಣ್ಣ ಸುತ್ತಿಗೆ ಕೆಳಗಿಟ್ಟು ಬೆಂಚಿನ ಮೇಲೆ ಕುಸಿದ. "ನಮ್ಮವ್ವ ಅದರ್ ಮೇಲೇ ಕುಂತಿದ್ಲು ಕಣಣ್ಣ," ಅಂದ. ಸಾಬರು ನೀರು ತಂದುಕೊಟ್ಟರು.

ಆಮೇಲೆ ಅಪ್ಪ ಕಪ್ಪು ಕನ್ನಡಕ ತೆಗೆದ. "ಓಲ್ಡರ್ ತತ್ತಾ ಇಲ್ಲಿ. ಕರೆಂಟ್ ಓಗೋ ಮುಂಚೆ ನಾನೇ ಆಕ್ಬುಡ್ತೀನಿ. ಬೀಗರ ಮನೇಗ್ ಓಗಿರೋರ್ನ ವಾಪಸ್ ಕರ್ಕಂಬರಾಕಾದ್ರೂ ಗಾಡಿ ಬೇಕಲ್ಲ."

"ಬ್ಯಾಡಪ್ಪ, ಡಾಕ್ಟ್ರು..." ಅಂದೆ. ನಾನೇ ಹಾಕುತ್ತೇನೆ ಅನ್ನಲು ನನಗೆ ಮುಖವಿರಲಿಲ್ಲ.

ಜವರಣ್ಣ ಎದ್ದು ಅಪ್ಪನ ಕೈಯಿಂದ ಕನ್ನಡಕ ಕಿತ್ತುಕೊಂಡು ಅವನ ಮೂಗಿನ ಮೇಲೇ ಕೂರಿಸಿದ. "ನೀನ್ ಸುಮ್ಕಿರಣ್ಣ. ಅವಳೇ ಆಕ್ಲಿ. ತಪ್ಪಾದ್ರೆ ಓಡ್ಬಂದು ಯೋಳೋ ಕೈ ಇರುವಾಗ, ನಂಗ್ ಬೇರೆ ಕೈ ಯಾಕೆ?"

ನನಗೆ ಅಳು ತಡೆಯಲಾಗಲಿಲ್ಲ. ಸಾಬರ ಅಂಗಡಿಯ ಹಿಂದೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಯಾವ ರಾಡು ಅಂತ ಅಪ್ಪ ಕೇಳಲಿಲ್ಲ. ನಾನು ತರ್ಟೀನು ತೆಗೆದುಕೊಂಡೆ. ಹಳೆಯ ಬೆಸುಗೆಯನ್ನೆಲ್ಲ ಉಜ್ಜಿ ತೆಗೆದು, ಅಂಚುಗಳನ್ನು ಓರೆಯಾಗಿ ಕೊರೆದು, ಎರಡೂ ಮಗ್ಗುಲಿಗೆ ಅರ್ಧ ಅಂಗುಲದ ಪಟ್ಟಿ ಕೊಟ್ಟು, ಒಂದರ ಮೇಲೊಂದು ಪದರ ಕೂರಿಸಿದೆ. ಪ್ರತಿ ಪದರಕ್ಕೂ ಕಿಟ್ಟ ಪೂರ್ತಿ ತೆಗೆದೆ. ಏಟೀನಿಗೆ ಒಂದು ಗೆರೆ ಸಾಕಾಗುವ ಕಡೆ ಮೂರು ಗೆರೆ ಎಳೆದೆ. ಅಪ್ಪ ಗೋಡೆಯ ಕಡೆ ತಿರುಗಿ, ತಲೆ ಬಗ್ಗಿಸಿ ಸದ್ದು ಕೇಳುತ್ತಾ ಕೂತಿದ್ದ. ಇಡೀ ಕೆಲಸದಲ್ಲಿ ಅವನು ಒಂದು ಸಲವೂ ನಿಲ್ಲಿಸು ಅನ್ನಲಿಲ್ಲ. ಮುಗಿದಾಗ ಒಂದು ಗಂಟೆ. ಆರಿದ ಮೇಲೆ ಜವರಣ್ಣ ಮತ್ತೆ ಸುತ್ತಿಗೆ ತೆಗೆದುಕೊಂಡು, ಪಕ್ಕದಿಂದ, ಎಣಿಸದೆ ಹೊಡೆದ. ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ.

"ನೀನೂ ಟ್ರೈಲರ್ ಅತ್ತು," ಅಂದ.

"ಎಲ್ಲಿಗೆ?"

"ಎಲ್ಲಿಗೇನು, ಬೀಗರೂಟಕ್ಕೆ. ನಮ್ಮವ್ವ ಕೂತಿದ್ದ ಜಾಗ್ದಲ್ಲೇ ಕೂತ್ಕ."

ಕೆಸರು ಮೆತ್ತಿದ ಚೂಡಿದಾರದಲ್ಲೇ ಹತ್ತಿದೆ. ಖಾಲಿ ಟ್ರೈಲರಿನಲ್ಲಿ ಒಬ್ಬಳೇ, ಕೊಂಡಿಯ ಮೇಲ್ಗಡೆ, ಬಗ್ಗಿ ಅದನ್ನೇ ನೋಡುತ್ತಾ ಕೂತೆ. ಏರು ಹತ್ತುವಾಗ ಹಲ್ಲು ಕಚ್ಚಿಕೊಂಡಿದ್ದೆ. ಟ್ರೈಲರು ಏರು ಹತ್ತಿತು. ಇಳಿಯಿತು. ಇನ್ನೂ ಎಷ್ಟೋ ಗುಂಡಿಗಳಿಗೆ ಬಿದ್ದು ಎದ್ದಿತು. ನಾವು ಹೋಗುವಷ್ಟರಲ್ಲಿ ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಸುದ್ದಿ ನಮಗಿಂತ ಮುಂಚೆ ಫೋನಿನಲ್ಲಿ ಅಲ್ಲಿಗೆ ಹೋಗಿತ್ತು. ಬೆಳಿಗ್ಗೆ ನನ್ನ ತಲೆಯ ಬೆಸುಗೆಯ ಬಗ್ಗೆ ಮಾತಾಡಿದ್ದವನು ನನ್ನನ್ನು ನೋಡಿ ಬೇರೆ ಕಡೆ ತಿರುಗಿದ. ಹೆಂಗಸರು ಮಾತ್ರ ಬಂದು ನನ್ನ ಕೈ ಒತ್ತಿ ಹೋದರು.

ವಾಪಸ್ಸು ಹೊರಡುವಾಗ ನಾಲ್ಕು ಗಂಟೆಯ ಬಿಸಿಲು ಬಿದ್ದಿತ್ತು. ಆ ಮಳೆಗಾಲದಲ್ಲಿ ನಾನು ಕಂಡ ಮೊದಲ ಒಳ್ಳೆಯ ಬಿಸಿಲು. ಗದ್ದೆಗಳೆಲ್ಲ ಹೊಳೆಯುತ್ತಿದ್ದವು. ಮೂವತ್ತು ಜನರೂ ಹತ್ತಿದರು. ಒಬ್ಬರೂ ಹಿಂದೆ ಮುಂದೆ ನೋಡಲಿಲ್ಲ. ನಾನು ಮತ್ತೆ ಮುಂದೆಯೇ ಕೂತೆ. ಚಿಕ್ಕತಾಯಜ್ಜಿ ಜನರನ್ನು ಸರಿಸಿಕೊಂಡು ಬಂದು ನನಗೆ ಅಂಟಿಕೊಂಡು ಕೂತು, ಸೆರಗಿನ ಕೆಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಮುದ್ದೆ, ಮಾಂಸದ ಸಾರು. ಡಬ್ಬಿ ಇನ್ನೂ ಬೆಚ್ಚಗಿತ್ತು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಕೊಂಡಿಯ ಕಡೆ ಬಗ್ಗಿದೆ. ಏರು ಹತ್ತಿರ ಬರುತ್ತಿತ್ತು.

ಅಜ್ಜಿ ನನ್ನ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿದರು.

"ಅದನ್ಯಾಕ್ ಕಾಯ್ತೀಯ ಮಗ? ಅದೆಲ್ಲೂ ಓಡೋಗಾಕಿಲ್ಲ. ನೀನು ಉಣ್ಣು."

ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಏರಿನುದ್ದಕ್ಕೂ ಉಂಡೆ.